ತಾಯಿ ಇಡುವ ಲೆಕ್ಕ



ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಶಾಲೆಗಳ ಬಾಗಿಲು ಮುಚ್ಚಿದ ಮೇಲೆ ಮೇ ತಿಂಗಳು ಮುಗಿಯುವ ತನಕ ನಮ್ಮ ಹಳ್ಳಿಗಳ ತಾಯಂದಿರಿಗೆ ಒಂದು ವಿಶೇಷವಾದ ಕಾಲವು ಒದಗುತ್ತದೆ. ಮಿಕ್ಕ ತಿಂಗಳುಗಳಲ್ಲಿ ಬೆಳಿಗ್ಗೆ ತಲೆ ಬಾಚಿ, ಜಡೆ ಹೆಣೆದು ಕಳುಹಿಸಿಬಿಟ್ಟ ಹೆಣ್ಣುಮಕ್ಕಳು ಈಗ ಹಗಲೆಲ್ಲಾ ಕಣ್ಣೆದುರಿಗೆ ಇರುತ್ತಾರೆ. ಹುಣಸೆಹಣ್ಣು ಬಿಡಿಸುವದಕ್ಕೂ, ಸಂಡಿಗೆಯನ್ನು ಕಾಗೆಗಳಿಂದ ಕಾಯುವದಕ್ಕೂ, ಸಾಯಂಕಾಲ ಅಂಗಳಕ್ಕೆ ನೀರು ಚಿಮುಕಿಸಿ ಚಾಪೆ ಹಾಸುವದಕ್ಕೂ ಅವರ ಕೈಗಳು ಒದಗುತ್ತವೆ. ರಾತ್ರಿ ಸೆಕೆಗೆ ಒಳಗೆ ಮಲಗಲಾರದೆ ತಾಯಿಯೂ ಮಕ್ಕಳೂ ಅಂಗಳದಲ್ಲಿ ಸಾಲಾಗಿ ಮಲಗಿದಾಗ, ಕಳೆದ ಬೇಸಿಗೆಯಲ್ಲಿ ತನ್ನ ಮೊಣಕಾಲಿಗೆ ತಾಕುತ್ತಿದ್ದ ಪಾದಗಳು ಈ ಬೇಸಿಗೆಯಲ್ಲಿ ಕಣಕಾಲಿಗೆ ತಾಕುವದನ್ನು ತಾಯಿಯು ಕತ್ತಲೆಯಲ್ಲಿಯೇ ತಿಳಿದುಕೊಳ್ಳುತ್ತಾಳೆ.

ಇಂಥ ಕಾಲದಲ್ಲಿ ಎದ್ದ ಒಂದು ಪ್ರಶ್ನೆಯನ್ನು ಈ ತಿಂಗಳು ವಿಚಾರಿಸಬೇಕೆಂದಿದ್ದೇವೆ. ಅದು ಯಾವದಂದರೆ, ತಾಯಿಯಾದವಳು ತನ್ನ ಹೆಣ್ಣುಮಕ್ಕಳ ಬೆಳವಣಿಗೆಯನ್ನು ಗುರುತಿಟ್ಟು ಎಣಿಸಬಹುದೋ? ಮೊದಲನೆಯ ಹಲ್ಲು, ಮೊದಲನೆಯ ಹೆಜ್ಜೆ, ಮೊದಲನೆಯ ಮಾತು, ತಾನಾಗಿ ಓದಿದ ಮೊದಲನೆಯ ಸಾಲು, ಗಂಟಿಲ್ಲದೆ ತೊಳಸಿದ ಮೊದಲನೆಯ ಮುದ್ದೆ, ಇವುಗಳನ್ನು ಮನಸ್ಸಿನಲ್ಲಿ ಕೂಡಿಟ್ಟುಕೊಳ್ಳುವದು ಕೃತಜ್ಞತೆಯೋ, ಲೋಕದ ಡಂಬವೋ? ಎಣಿಸಬಹುದಾದರೆ ಯಾವ ಮನಸ್ಸಿನಿಂದ ಎಣಿಸಬೇಕು? ಇದು ಅಡಿಗೆಮನೆಯ ಪ್ರಶ್ನೆ, ಪತ್ರಿಕೆಯಲ್ಲಿ ಬರೆಯತಕ್ಕದ್ದಲ್ಲ ಎಂದು ಕೆಲವರು ನಗಬಹುದು. ನಾವೂ ಮೊದಲು ಹಾಗೆಯೇ ನೆನಸಿದ್ದೆವು.

ಚಿಂತಾಮಣಿ ತಾಲ್ಲೂಕಿನಲ್ಲಿ, ಮುರುಗಮಲ್ಲಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ ನಮ್ಮ ಸಭೆಗೆ ಸೇರಿದ ಒಂದು ಕುಟುಂಬವುಂಟು. ಅವರ ಹೆಸರು ಹೇಳೆವು. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ಕೊಳವೆಬಾವಿ, ಮೂವರು ಹೆಣ್ಣುಮಕ್ಕಳು. ಕೆಲವು ವರುಷಗಳ ಕೆಳಗೆ, ನಾವು ಹೇಳುವ ಬೇಸಿಗೆಯಲ್ಲಿ, ಹಿರಿಯವಳಿಗೆ ಹದಿಮೂರು, ನಡುವಿನವಳಿಗೆ ಒಂಬತ್ತು, ಕಿರಿಯವಳಿಗೆ ಮೂರು ವರುಷ ನಡೆಯುತ್ತಿತ್ತು. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು; ಚಾಕಿಯನ್ನೂ ತಾವೇ ಮಾಡುತ್ತಿದ್ದರು. ಬೇಸಿಗೆಯ ಬೆಳೆ ಎಂಥ ಕಷ್ಟದ್ದೆಂಬದು ನಮ್ಮ ಸೀಮೆಯ ವಾಚಕರಿಗೆ ಹೇಳಬೇಕಾದದ್ದಿಲ್ಲ. ಗೋಣಿತಾಟುಗಳನ್ನು ನೆನಸಿ ಕಿಟಕಿಗಳಿಗೆ ಕಟ್ಟಬೇಕು. ಬಿಸಿಲೇರುವ ಮೊದಲು ಸೊಪ್ಪು ಕೊಯ್ದು ತರಬೇಕು. ಊಜಿನೊಣ ಒಳಗೆ ನುಗ್ಗದಂತೆ ಕಾಯಬೇಕು. ಹಾಲುತೊಂಡೆ ರೋಗವು ತಗಲಿತೋ, ಸಾಲಮಾಡಿ ತಂದ ಮೊಟ್ಟೆಯೂ ಕೊಯ್ದ ಸೊಪ್ಪೂ ತಿಪ್ಪೆಯ ಪಾಲೇ. ಆದಕಾರಣ ಆ ತಾಯಿಯು ಗೋಡೆಯ ಮೇಲಿನ ಸಭೆಯ ಕ್ಯಾಲೆಂಡರಿನಲ್ಲಿ ಸೀಸದಕಡ್ಡಿಯಿಂದ ಗುರುತು ಹಾಕಿದ್ದಳು: ಹುಳು ಇಂಥ ದಿನ ಒಡೆಯಿತು, ಇಂಥ ದಿನ ಒಂದನೆಯ ಜ್ವರಕ್ಕೆ ಕೂತಿತು, ಇಂಥ ದಿನ ಎದ್ದಿತು, ಎರಡನೆಯ ಜ್ವರ, ಮೂರನೆಯ ಜ್ವರ. ಶುಭಶುಕ್ರವಾರದ ಚೌಕದೊಳಗೂ ಹುಳುವಿನ ಸುದ್ದಿಯೇ ಇತ್ತು.

ಮನೆಪ್ರಾರ್ಥನೆಗಾಗಿ ಹೋದ ನಾವು ಹೊಸಲು ದಾಟುವ ಮೊದಲೇ ಕೇಳಿದ ಮಾತು, “ಹುಳು ಎಷ್ಟನೆಯ ಜ್ವರದಲ್ಲಿದೆಯಮ್ಮಾ?” ಎಂಬದು. ಅದಕ್ಕೆ ಆಕೆಯು, “ಮೂರು ಎದ್ದು ನಿನ್ನೆ ಸಾಯಂಕಾಲಕ್ಕೆ ಎರಡು ದಿನವಾಯಿತು ಅಯ್ಯನವರೇ” ಎಂದು ತಡೆಯದೆ ಉತ್ತರಕೊಟ್ಟಳು. ಮೂಲೆಯಲ್ಲಿ ಸೊಪ್ಪು ಹರಡುತ್ತಿದ್ದ ನಡುವಿನ ಹುಡುಗಿ ತಲೆಯೆತ್ತಿ, “ಹುಳದ್ದಾದರೆ ಅಮ್ಮನಿಗೆ ಎಲ್ಲಾ ಗೊತ್ತು. ನಾನು ಯಾವಾಗ ನಡೆದೆ, ಯಾವಾಗ ಮಾತಾಡಿದೆ ಅಂತ ಕೇಳಿದರೆ, ಎಲ್ಲರ ಹಾಗೇ ಅನ್ನುತ್ತಾಳೆ” ಅಂದಳು. ಹುಡುಗಿಯು ದೂರು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು. ತಾಯಿ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರಸಿಕೊಂಡು ಹುಳುಮನೆಯೊಳಕ್ಕೆ ಹೋದಳು. ಆ ದಿನ ನಾವು ಓದಿದ ಅಧ್ಯಾಯ ಯಾವದೆಂಬದು ನಮಗೆ ನೆನಪಿಲ್ಲ. ಹುಡುಗಿಯ ಮಾತು ನೆನಪಿದೆ. ಯಾಕಂದರೆ ಹೊಸಲಿನಲ್ಲಿ ನಿಂತು ಮಕ್ಕಳ ಕ್ಷೇಮವನ್ನು ಕೇಳದೆ ಹುಳುವಿನ ಕ್ಷೇಮವನ್ನು ಕೇಳಿದವರು ನಾವೇ.

ತಾಯಿಯ ಮೇಲೆ ತಪ್ಪು ಹೊರಿಸುವದಕ್ಕೆ ಯಾರೂ ಅವಸರಪಡಬಾರದು. ಹುಳುವು ಒಡೆದಂದಿನಿಂದ ಹಣ್ಣಾಗುವ ವರೆಗೆ ಸುಮಾರು 25 ದಿನ. ಅಷ್ಟರಲ್ಲಿ ಅದರ ತೂಕವು ಸುಮಾರು 10,000 ಪಟ್ಟು ಹೆಚ್ಚುತ್ತದೆ. ಅದು ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ನಾಲ್ಕನೆಯ ಜ್ವರ ಎದ್ದ ಮೇಲಿನ ಏಳೆಂಟು ದಿನಗಳಲ್ಲಿಯೇ ತೀರುತ್ತದೆ. ಆಗ ತಾಯಿ ಊಟಮಾಡಿದಳೋ ಇಲ್ಲವೋ ಕೇಳುವವರಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಬರುವ ಹಣದಲ್ಲಿಯೇ ಸಾಲ ತೀರಬೇಕು, ಶಾಲೆಯ ಪುಸ್ತಕ ಬರಬೇಕು, ಭಾನುವಾರದ ಕಾಣಿಕೆಯೂ ಬರಬೇಕು. ಹುಳುವನ್ನು ಎಣಿಸಿದ್ದು ಮಕ್ಕಳಿಗೋಸ್ಕರವೇ. ಮಕ್ಕಳ ಕೈಯಿಂದ ಸೊಪ್ಪು ಹರಡಿಸಿದ್ದರಲ್ಲಿಯೂ ಅಪರಾಧವಿಲ್ಲ. ಬಾಲಕಾರ್ಮಿಕರ ಕಾನೂನನ್ನು 2016ರಲ್ಲಿ ತಿದ್ದಿದಾಗ, ಶಾಲೆ ಬಿಟ್ಟ ಮೇಲೆಯೂ ರಜಾಕಾಲದಲ್ಲಿಯೂ ಅಪಾಯವಿಲ್ಲದ ಮನೆಗೆಲಸದಲ್ಲಿ ಮಕ್ಕಳು ಹೆತ್ತವರಿಗೆ ಸಹಾಯಮಾಡಬಹುದೆಂದು ಎಡೆಯಿಟ್ಟಿದ್ದಾರೆ. ಆದರೆ ಕಾನೂನು ಕೈಗಳ ಕೆಲಸವನ್ನು ವಿಚಾರಿಸುತ್ತದೆ. ಕಣ್ಣು ಯಾವದರ ಮೇಲಿತ್ತೆಂಬದನ್ನು ಅದು ಕೇಳುವದಿಲ್ಲ.

ಮುಂದಿನ ಭಾನುವಾರ ಆರಾಧನೆ ಮುಗಿದು ಹೊಂಗೆಮರದ ನೆರಳಿನಲ್ಲಿ ಕೂತಿದ್ದಾಗ ಈ ಸಂಗತಿಯನ್ನು ಪ್ರಸ್ತಾಪಿಸಿದೆವು. ಸಭೆಯ ಹಿರಿಯರೊಬ್ಬರು, ಸತ್ಯವೇದವನ್ನು ಚೆನ್ನಾಗಿ ಬಲ್ಲವರು, “ಎಣಿಸುವದೇ ಪಾಪ. ದಾವೀದನು ಜನರನ್ನು ಎಣಿಸಿದ್ದಕ್ಕೆ ದೇಶದಲ್ಲಿ ಮರಿ ಹರಡಲಿಲ್ಲವೇ? ಮಕ್ಕಳು ದೇವರ ದಾನ. ಕೊಟ್ಟವನು ಲೆಕ್ಕ ಇಡಲಿ, ನಮಗೇಕೆ?” ಅಂದರು. ಅವರ ಹೆಂಡತಿಯು ಬೇರೆ ಕಾರಣದಿಂದ ಅದೇ ಮಾತನ್ನು ಒಪ್ಪಿದಳು: ನಡೆದಳು, ಮಾತಾಡಿದಳು ಎಂದು ಹೇಳಿಕೊಂಡು ತಿರುಗಿದರೆ ಮಗುವಿಗೆ ದೃಷ್ಟಿಯಾಗುತ್ತದೆ.

ದೃಷ್ಟಿಯ ಮಾತನ್ನು ಮೊದಲು ನೋಡೋಣ. ನಮ್ಮ ಸಭೆಗಳಲ್ಲಿ ದೀಕ್ಷಾಸ್ನಾನವಾಗಿ ಎರಡು ಮೂರು ತಲೆಗಳಾದ ಮನೆಗಳಲ್ಲಿಯೂ ಕೂಸಿನ ಕೆನ್ನೆಯ ಮೇಲೆ ಕಪ್ಪುಬೊಟ್ಟು ಕಾಣುತ್ತೇವೆ. ಅದನ್ನು ಗದರಿಸುವದು ಸುಲಭ. ಆದರೆ ಆ ಭಯವು ಎಲ್ಲಿಂದ ಬಂತು? ನಮ್ಮ ಅಜ್ಜಿಯರು ಹೆತ್ತ ಮಕ್ಕಳಲ್ಲಿ ಉಳಿದವರು ಎಷ್ಟು ಮಂದಿ? 1971ರಲ್ಲಿಯೂ ಈ ದೇಶದಲ್ಲಿ ಹುಟ್ಟಿದ 1,000 ಕೂಸುಗಳಲ್ಲಿ 129 ಕೂಸುಗಳು ಒಂದು ವರುಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿಯಿತು. ತೊಟ್ಟಿಲು ಬರಿದಾಗುವದನ್ನು ಕಂಡ ತಾಯಂದಿರು, ಎಣಿಸದೆ ಇದ್ದರೆ ಮರಣವು ಈ ಮನೆಯನ್ನು ಗಮನಿಸದೆ ಹೋದೀತೆಂದು ನೆನಸಿದರು. ತಿಪ್ಪಯ್ಯ, ತಿಪ್ಪಮ್ಮ ಎಂಬ ಹೆಸರುಗಳು ಹುಟ್ಟಿದ್ದು ಹಾಗೆಯೇ. ಬೇಡವಾದದ್ದೆಂದು ತೋರಿಸಿ ಮಗುವನ್ನು ಉಳಿಸಿಕೊಳ್ಳುವ ಉಪಾಯ. ಮುರುಗಮಲ್ಲದ ದರ್ಗಾಕ್ಕೆ ಎಲ್ಲಾ ಮತಗಳ ಜನರು ದೂರದೂರದಿಂದ ಬರುತ್ತಾರೆ. ಮುಕ್ತೀಶ್ವರನ ಗುಡಿಗೂ ಬರುತ್ತಾರೆ. ಬಸ್ಸಿನಿಂದ ಇಳಿಯುವವರಲ್ಲಿ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ತಾಯಂದಿರೆಷ್ಟೋ. ಅವರ ಮಾರ್ಗವು ನಮ್ಮದಲ್ಲ. ಆದರೆ ಅವರ ಎದೆಯ ಅಳುಕನ್ನು ಹೀನಾಯವಾಗಿ ನೋಡುವ ಹಕ್ಕು ನಮಗಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಎಣಿಸದಿರುವದಕ್ಕೆ ಇನ್ನೊಂದು ಕಾರಣವುಂಟು. ಅದು ಭಯವಲ್ಲ. ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ ಕೊನೆಯವಳಿಗೆ ಸಾಕಮ್ಮನೆಂದು ಹೆಸರಿಡುವದುಂಟು. ಇನ್ನು ಹೆಣ್ಣು ಸಾಕು ಎಂಬದು ಆ ಹೆಸರಿನ ಅರ್ಥ. ಸಾಕಮ್ಮನೆಂದು ಬಂದವಳು ದೀಕ್ಷಾಸ್ನಾನದಲ್ಲಿ ಸಾರಮ್ಮನೋ ರೂತಮ್ಮನೋ ಆಗಿ ಹೋಗುತ್ತಾಳೆ. ಹೆಸರು ತೊಳೆದುಹೋಯಿತು, ಹೆತ್ತವರ ಮನಸ್ಸಿನೊಳಗಿನ ‘ಸಾಕು’ ತೊಳೆದುಹೋಯಿತೋ? 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಆರು ವರುಷದೊಳಗಿನ ಮಕ್ಕಳಲ್ಲಿ 1,000 ಗಂಡುಗಳಿಗೆ 948 ಹೆಣ್ಣುಗಳು ಮಾತ್ರ ಇದ್ದರು. ಆ ಕೊರತೆಯಲ್ಲಿ ಕ್ರೈಸ್ತರ ಪಾಲೇನೂ ಇಲ್ಲವೆಂದು ಧೈರ್ಯದಿಂದ ಹೇಳುವವನು ಹೇಳಲಿ.

ಇನ್ನು ದಾವೀದನ ಮಾತು. ಆತನು ಯೋವಾಬನನ್ನು ಕಳುಹಿಸಿ ಎಣಿಸಿದ್ದು ಯಾರನ್ನು? ಕತ್ತಿ ಹಿರಿಯಬಲ್ಲ ಗಂಡಸರನ್ನು. ತನ್ನ ಬಲವೆಷ್ಟೆಂದು ತಿಳಿಯಬೇಕೆಂಬ ಆಶೆಯಿಂದ ಎಣಿಸಿದನು. ಆದರೆ ಎಣಿಸುವದೆಲ್ಲಾ ಪಾಪವಾದರೆ, ಮೋಶೆಗೆ ಜನರನ್ನು ಎಣಿಸೆಂದು ಅಪ್ಪಣೆಕೊಟ್ಟ ದೇವರು ಯಾರು? ವಿಮೋಚನಕಾಂಡದಲ್ಲಿ ಒಂದು ನಿಯಮವಿದೆ: ಎಣಿಕೆಗೆ ಸೇರಿದ ಪ್ರತಿಯೊಬ್ಬನೂ ಅರ್ಧ ಶೆಕೆಲನ್ನು ಕರ್ತನಿಗೆ ಕೊಡಬೇಕು, ಐಶ್ವರ್ಯವಂತನಿಂದ ಹೆಚ್ಚು ತೆಗೆದುಕೊಳ್ಳಬಾರದು, ಬಡವನಿಂದ ಕಡಿಮೆಯೂ ಅಲ್ಲ. ಎಂದರೆ, ಎಣಿಸುವವನು ಇವರು ನನ್ನವರಲ್ಲವೆಂದು ಒಪ್ಪಿಕೊಂಡೇ ಎಣಿಸಬೇಕು. ದಾವೀದನ ಲೆಕ್ಕದಲ್ಲಿ ಈ ಒಪ್ಪಿಗೆಯೇ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಹಿರಿಯರು ಗಮನಿಸಿದ್ದಿಲ್ಲ, ನಾವೂ ಬಹಳ ದಿನ ಗಮನಿಸಿದ್ದಿಲ್ಲ. ಅರಣ್ಯಕಾಂಡದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಮೋವಾಬಿನ ಬಯಲಿನಲ್ಲಿ ಇಪ್ಪತ್ತು ವರುಷಕ್ಕೆ ಮೇಲ್ಪಟ್ಟ ಗಂಡಸರ ಎಣಿಕೆ ನಡೆಯುತ್ತದೆ. ಅದು ಮುಗಿದ ಕೂಡಲೆ, ಇಪ್ಪತ್ತೇಳನೆಯ ಅಧ್ಯಾಯದ ಆರಂಭದಲ್ಲಿ, ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಬಂದು ಗುಡಾರದ ಬಾಗಿಲಲ್ಲಿ ಮೋಶೆಯ ಮುಂದೆ ನಿಲ್ಲುತ್ತಾರೆ. ತಮ್ಮ ತಂದೆಗೆ ಗಂಡುಮಕ್ಕಳಿಲ್ಲದ್ದರಿಂದ ಅವನ ಹೆಸರು ಯಾಕೆ ಅಳಿಯಬೇಕು, ತಮಗೆ ಸ್ವಾಸ್ತ್ಯ ಯಾಕಿಲ್ಲ ಎಂದು ಕೇಳುತ್ತಾರೆ. ದೇವರು ಅವರ ಮಾತು ನ್ಯಾಯವೆಂದನು. ಇಡೀ ಲೆಕ್ಕದ ಪುಸ್ತಕದಲ್ಲಿ ಗಂಡಸರು ಸಾವಿರಗಳಾಗಿ ಹೋಗುತ್ತಾರೆ. ಈ ಐವರಾದರೋ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂದು ಹೆಸರುಹೆಸರಾಗಿ ಉಳಿದಿದ್ದಾರೆ. ಉಪದೇಶಿಗಳಾದ ನಾವು ವರುಷಕ್ಕೊಮ್ಮೆ ಮೇಲಕ್ಕೆ ಕಳುಹಿಸುವ ಹಾಳೆಯಲ್ಲಿ ಮಕ್ಕಳಿಗೆ ಒಂದು ಅಂಕಣವುಂಟು. ಅದರಲ್ಲಿ ಒಂದು ಅಂಕಿಯನ್ನು ಬರೆದು ಕಳುಹಿಸಿ ಸಮಾಧಾನಪಡುತ್ತೇವೆ. ಅಂಕಿ ಕಳೆದ ವರುಷಕ್ಕಿಂತ ಹೆಚ್ಚಾಗಿದ್ದರೆ ಸಂತೋಷವೂ ಪಡುತ್ತೇವೆ. ಯೋವಾಬನ ಕೆಲಸವು ನಮಗೇನೂ ಹೊಸದಲ್ಲ.

ಈಗ ಆ ಮನೆಗೆ ತಿರಿಗಿ ಬರೋಣ.

ನಡುವಿನವಳ ಮಾತು ತಾಯಿಯ ಮನಸ್ಸಿನಲ್ಲಿ ನಾಟಿತ್ತು. ಆ ವಾರದಲ್ಲಿ ಒಂದು ರಾತ್ರಿ, ಹುಳು ನಾಲ್ಕನೆಯ ಜ್ವರಕ್ಕೆ ಕೂತು ಸೊಪ್ಪಿನ ಕೆಲಸವು ಒಂದು ದಿನ ನಿಂತಾಗ, ಅಂಗಳದಲ್ಲಿ ಮಲಗಿದ್ದ ಮಕ್ಕಳಿಗೆ ಆಕೆಯು ತಾನಾಗಿ ಹೇಳತೊಡಗಿದಳು. ಹಿರಿಯವಳು ನೆಲಗಡಲೆ ಕೀಳುವ ಕಾಲದಲ್ಲಿ ಹೊಲದ ಬದುವಿನ ಮೇಲೆ ಮೊದಲನೆಯ ಹೆಜ್ಜೆಯಿಟ್ಟಳು. ನಡುವಿನವಳು ಹತ್ತನೆಯ ತಿಂಗಳಲ್ಲಿಯೇ ಕೋಳಿಯನ್ನು ಕೂಗಿದಳು. ತಾಯಿಯನ್ನು ಕೂಗುವದಕ್ಕೆ ಮುಂಚೆ ಕೋಳಿಯನ್ನೇ ಕೂಗಿದಳು. ಮೊದಲನೆಯ ಹಲ್ಲು ಬಿದ್ದಾಗ ಅದನ್ನು ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುವದಕ್ಕೆ ಹೋಗಿ ಪಕ್ಕದ ಮನೆಯವರ ಸಾರಿನ ತಪ್ಪಲೆಗೆ ಎಸೆದಳು. ಮಕ್ಕಳು ಬಿದ್ದುಬಿದ್ದು ನಕ್ಕರು. ಮರೆತದ್ದೆಂದು ತಿಳಿದಿದ್ದದ್ದು ಒಂದೂ ಮರೆತಿರಲಿಲ್ಲ. ಕೇಳುವವರಿರಲಿಲ್ಲ, ಅಷ್ಟೇ. ಹೀಗೆ ಹೇಳುತ್ತಾ ಕಿರಿಯವಳ ಸರದಿ ಬಂತು. ಅವಳು ಯಾವಾಗ ಕೂತಳು, ಯಾವಾಗ ನಿಂತಳು ಎಂಬದೆಲ್ಲಾ ಹೇಳಿಯಾಯಿತು. ಮೊದಲು ಯಾರ ಕೂಗಿಗೆ ತಿರುಗಿದಳು? ಮೊದಲು ಏನು ಅಂದಳು? ತಾಯಿ ಸುಮ್ಮನಾದಳು. ಮೂರು ವರುಷವಾಗುತ್ತಾ ಬಂದಿತ್ತು. ತಡವಾಗಿ ಬರುತ್ತದೆ, ಅವರಪ್ಪನಿಗೂ ತಡವಾಗಿ ಬಂತು ಎಂದು ಎಲ್ಲರೂ ಹೇಳಿದ್ದರು, ತಾನೂ ಹೇಳಿಕೊಂಡಿದ್ದಳು. ಆ ರಾತ್ರಿ ಎದ್ದು ಒಳಗಿನಿಂದ ಹಿತ್ತಾಳೆಯ ತಟ್ಟೆಯನ್ನು ತಂದು, ಮಲಗಿದ್ದ ಮಗುವಿನ ತಲೆಯ ಹತ್ತಿರ ಕಲ್ಲಿನ ಮೇಲೆ ಬೀಳಿಸಿದಳಂತೆ. ಪಕ್ಕದ ಮನೆಯ ನಾಯಿ ಬೊಗಳಿತು. ಮಗು ಹೊರಳಲೂ ಇಲ್ಲ.

ಇದನ್ನು ಬರೆಯುವಾಗ ನಮಗೆ ಒಂದು ಸಂಗತಿಯು ಮತ್ತೆಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಹುಳು ಸಾಕುವವರು ಬಲ್ಲರು: ಎಲ್ಲಾ ಹುಳುಗಳೂ ಒಟ್ಟಿಗೆ ಜ್ವರ ಏಳುವದಿಲ್ಲ. ಕೆಲವು ಹಿಂದೆ ಬೀಳುತ್ತವೆ, ಸಣ್ಣವಾಗಿ ಉಳಿಯುತ್ತವೆ. ಅವುಗಳನ್ನು ಆರಿಸಿ ಹೊರಗೆ ಹಾಕುತ್ತಾರೆ. ಅವುಗಳಿಂದ ರೋಗ ಹರಡೀತು; ಅವುಗಳಿಗೆ ಹಾಕಿದ ಸೊಪ್ಪು ದಂಡ. ಸಂತೆಗಾಗಿ ಎಣಿಸುವ ಲೆಕ್ಕದಲ್ಲಿ ಹಿಂದುಳಿದದ್ದನ್ನು ಕಂಡುಹಿಡಿಯುವದು ತೆಗೆದುಹಾಕುವದಕ್ಕೆ. ನಮ್ಮ ಕರ್ತನು ಹೇಳಿದ ಸಾಮ್ಯದಲ್ಲಿ ಕುರುಬನಿಗೆ ನೂರು ಕುರಿಗಳಿದ್ದವು. ಒಂದು ತಪ್ಪಿಹೋಯಿತೆಂದು ಅವನಿಗೆ ತಿಳಿದದ್ದು ಹೇಗೆ? ಎಣಿಸಿದ್ದರಿಂದಲೇ. ಸಾಯಂಕಾಲ ಹಟ್ಟಿಯ ಬಾಗಿಲಲ್ಲಿ ಎಣಿಸದವನಿಗೆ ತೊಂಬತ್ತೊಂಬತ್ತೂ ನೂರೂ ಒಂದೇ. ಅವನು ನಿಶ್ಚಿಂತೆಯಾಗಿ ಮಲಗುವನು, ಕಳೆದುಹೋದ ಕುರಿಯು ಬೆಟ್ಟದಲ್ಲಿ ಕೂಗುತ್ತಿರುವದು. ಕುರುಬನು ಎಣಿಸುವದೇ ಆ ಒಂದಕ್ಕೋಸ್ಕರ. ಎರಡೂ ಎಣಿಕೆಯೇ, ಎರಡರಲ್ಲಿಯೂ ಕಣ್ಣು ಚುರುಕಾಗಿಯೇ ಇರಬೇಕು, ಹಿಂದುಳಿದದ್ದು ಸಿಕ್ಕಿದಾಗ ಕೈಯು ಏನು ಮಾಡುತ್ತದೆಂಬದರಲ್ಲಿ ಭೇದವಿದೆ.

ಪಕ್ಕದ ಮನೆಯ ಹೆಂಗಸು ಮಗುವನ್ನು ದರ್ಗಾಕ್ಕೆ ಕರೆದುಕೊಂಡು ಹೋಗೋಣ ಅಂದಳು. ಒಳ್ಳೇ ಮನಸ್ಸಿನಿಂದಲೇ ಅಂದಳು. ನಾವು ಪ್ರಾರ್ಥನೆ ಮಾಡೋಣ ಅಂದೆವು. ಅಂಗನವಾಡಿಯ ಕಾರ್ಯಕರ್ತೆಯು ಕಿವಿ ತೋರಿಸೋಣ ಅಂದಳು. ನಮ್ಮ ಮೂವರಲ್ಲಿ ಆ ದಿನ ಹೆಚ್ಚು ಪ್ರಯೋಜನವಾದ ಮಾತನ್ನು ಆಡಿದವಳು ಯಾರೆಂಬದನ್ನು ಒಪ್ಪಿಕೊಳ್ಳುವದರಿಂದ ಪ್ರಾರ್ಥನೆಗೆ ಅವಮಾನವಿಲ್ಲ; ಪ್ರಾರ್ಥನೆಗೆ ಉತ್ತರವು ಅವಳ ಬಾಯಿಂದಲೇ ಬಂತೆಂದು ನಂಬುತ್ತೇವೆ. ಹುಟ್ಟಿದಂದಿನಿಂದ ಹದಿನೆಂಟು ವರುಷದ ವರೆಗಿನ ಮಕ್ಕಳನ್ನು ಪರೀಕ್ಷಿಸುವದಕ್ಕೆ 2013ರಲ್ಲಿ ಸರಕಾರದವರು ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗಳಿಗೆ ಬರುತ್ತಾರೆ. ಅವರು ನೋಡಿ ಮುಂದಕ್ಕೆ ಬರೆದುಕೊಟ್ಟರು. ಅಲ್ಲಿಂದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದರು. 1965ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು ನಮ್ಮ ರಾಜ್ಯದಲ್ಲಿಯೇ ಇರುವದು ನಮ್ಮ ಬಡಜನರಿಗೆ ದೊಡ್ಡ ಉಪಕಾರ. ಆದರೂ ಅದರ ಹೆಸರನ್ನು ಕೇಳದವರು ನಮ್ಮ ಸಭೆಗಳಲ್ಲಿ ಬಹಳ ಮಂದಿ ಇದ್ದಾರೆ. ಮಗುವಿಗೆ ಒಂದು ಕಿವಿಯಲ್ಲಿ ಸ್ವಲ್ಪವೂ, ಇನ್ನೊಂದರಲ್ಲಿ ಅದಕ್ಕಿಂತ ತುಸು ಹೆಚ್ಚಾಗಿಯೂ ಕೇಳುವ ಶಕ್ತಿಯಿದೆಯೆಂದು ತಿಳಿದುಬಂತು. ಕಿವಿಗೆ ಯಂತ್ರವನ್ನು ಕೊಟ್ಟು, ಮಾತು ಕಲಿಸುವ ಕ್ರಮವನ್ನು ತಾಯಿಗೆ ತೋರಿಸಿದರು. ಎಷ್ಟು ಬೇಗ ತಿಳಿಯುತ್ತದೋ ಅಷ್ಟು ಒಳ್ಳೆಯದು, ಇನ್ನೂ ಮೊದಲೇ ಬರಬೇಕಾಗಿತ್ತೆಂದು ಅಲ್ಲಿನವರು ಹೇಳಿದರಂತೆ. ತಾಯಂದಿರೇ, ಇದನ್ನು ನೆನಪಿಡಿರಿ: ಒಂದು ವರುಷದ ಮಗು ತನ್ನ ಹೆಸರಿನ ಕೂಗಿಗೆ ತಿರುಗದಿದ್ದರೆ, ಎರಡು ವರುಷದ ಮಗು ಎರಡು ಮಾತುಗಳನ್ನು ಕೂಡಿಸಿ ಆಡದಿದ್ದರೆ, ತಡವಾಗಿ ಬರುತ್ತದೆಂದು ಕಾಯಬೇಡಿರಿ; ತೋರಿಸಿರಿ.

ಆ ಮಗುವು ಈಗ ಶಾಲೆಗೆ ಹೋಗುತ್ತಾಳೆ. ಮಾತು ತೊದಲು, ಅಕ್ಕಂದಿರಿಗೆ ಅರ್ಥವಾಗುತ್ತದೆ, ಮಿಕ್ಕವರಿಗೆ ಅರ್ಧ ಅರ್ಥವಾಗುತ್ತದೆ. ಅವಳನ್ನು ಬೇರೆ ಮಕ್ಕಳ ಅಳತೆಯಿಂದ ಅಳೆದರೆ ತಾಯಿಗೆ ನೋವೇ. ಆದರೆ ಆ ಬೇಸಿಗೆಯ ಕ್ಯಾಲೆಂಡರಿನ ಕೊನೆಯ ಹಾಳೆಗಳಲ್ಲಿ ಹುಳುವಿನ ಗುರುತುಗಳ ಪಕ್ಕದಲ್ಲಿ ಬೇರೆ ಗುರುತುಗಳು ಸೇರಿದ್ದನ್ನು ನಾವು ಕಂಡೆವು: ‘ಗಂಟೆ ಕೇಳಿ ತಿರುಗಿದಳು.’ ಎರಡು ತಿಂಗಳ ಮೇಲೆ, ‘ಅಕ್ಕ ಅಂದಳು.’ ಬರಹವು ನಡುವಿನವಳದು.

ಅದೇ ಬೇಸಿಗೆಯಲ್ಲಿ ಹಿರಿಯವಳು ದೊಡ್ಡವಳಾದಳು. ಈ ವಿಷಯವನ್ನು ನಮ್ಮ ಪತ್ರಿಕೆಗಳಲ್ಲಿ ಬರೆಯುವ ರೂಢಿಯಿಲ್ಲ. ಆದರೆ ಹೆಣ್ಣುಮಗಳ ಬೆಳವಣಿಗೆಯಲ್ಲಿ ಊರೆಲ್ಲಾ ಎಣಿಸುವದು ಇದೊಂದನ್ನೇ ಆದ್ದರಿಂದ ಬಿಟ್ಟುಬಿಡಲಾರೆವು. ಅವಳು ಮೊದಲನೆಯ ಸಾಲನ್ನು ಓದಿದ ದಿನ ಯಾರೂ ಚಪ್ಪರ ಹಾಕಲಿಲ್ಲ. ಏಳನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾದ ದಿನ ಯಾರೂ ಚಿಗಳಿಯುಂಡೆಯನ್ನು ಹಂಚಲಿಲ್ಲ. ಈಗ ಹಸಿರು ಚಪ್ಪರ ಬಂತು, ಆರತಿ ಬಂತು, ಎಳ್ಳುಬೆಲ್ಲದ ಉಂಡೆ, ಕೊಬ್ಬರಿ, ನೆಂಟರು ಎಲ್ಲಾ ಬಂದರು. ಸಂತೋಷಪಡುವದರಲ್ಲಿ ದೋಷವೇನೂ ಇಲ್ಲ. ಮಗಳು ಆರೋಗ್ಯವಾಗಿ ಬೆಳೆದಳೆಂಬದು ಸ್ತೋತ್ರಮಾಡತಕ್ಕದ್ದೇ. ಆದರೆ ಎರಡನೆಯ ದಿನ ಹುಡುಗಿಯ ಸೋದರತ್ತೆಯು ರೇಷ್ಮೆ ಸೀರೆಯೊಂದನ್ನು ತಂದು ಮಡಿಲಿಗಿಟ್ಟು, ತನ್ನ ಮಗನ ಮಾತನ್ನು ಎತ್ತಿದಳು. ಓದು ಬರಹ ಸಾಕು, ಬರುವ ಬೇಸಿಗೆಗೆ ಮುಗಿಸಿಬಿಡೋಣ. ತಾಯಿಯು ಇನ್ನೂ ಚಿಕ್ಕವಳಲ್ಲವೇ ಅಂದದ್ದಕ್ಕೆ ಆಕೆಯು ಹುಳುಮನೆಯ ಕಡೆಗೆ ಕೈತೋರಿಸಿ, “ಹಣ್ಣಾದ ಹುಳುವನ್ನು ಚಂದ್ರಿಕೆಗೆ ಹಾಕದೆ ಇಟ್ಟುಕೊಳ್ಳುತ್ತೀಯೇನು, ಅತ್ತಿಗೇ?” ಅಂದಳು. ನೆಂಟರೆಲ್ಲಾ ನಕ್ಕರು. ಹುಡುಗಿಯ ತಂದೆಯು ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಸುಮ್ಮನಿದ್ದನು.

ಹಾಸ್ಯದ ಮಾತು, ಆದರೂ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಹಾಕಿದ ಮೇಲೆ ಎರಡು ಮೂರು ದಿನಗಳಲ್ಲಿ ಅದು ತನ್ನ ಸುತ್ತಲೂ ಗೂಡು ಕಟ್ಟಿಕೊಂಡು ಮುಗಿಸುತ್ತದೆ. ಐದಾರನೆಯ ದಿನ ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುತ್ತಾರೆ. ಚಿಟ್ಟೆಯು ಗೂಡನ್ನು ಕೊರೆದು ಹೊರಗೆ ಬಂದರೆ ನೂಲು ಹಾಳಾಗುವದರಿಂದ ಅದಕ್ಕೆ ಮುಂಚೆಯೇ ಬಿಸಿಯಲ್ಲಿ ಕೊಲ್ಲುತ್ತಾರೆ. ಜ್ವರಜ್ವರಕ್ಕೂ ಅಷ್ಟು ಅಕ್ಕರೆಯಿಂದ ಎಣಿಸಿದ್ದು ಆ ದಿನಕ್ಕೋಸ್ಕರ. ಆ ಮೇಲೆ ಎಣಿಸುವದಕ್ಕೆ ಏನೂ ಇಲ್ಲ. ಹುಳುವಿನ ವಿಷಯದಲ್ಲಿ ಇದು ಜೀವನೋಪಾಯ. ನಾವು ಅದನ್ನು ಆಕ್ಷೇಪಿಸುವವರಲ್ಲ. ಮಗಳನ್ನು ಇದೇ ಮಾತಿನಿಂದ ವರ್ಣಿಸಬಹುದಾದರೆ, ನಾವು ಅವಳನ್ನು ಎಣಿಸಿದ್ದು ಯಾವದಕ್ಕೋಸ್ಕರ?

ಕ್ರೈಸ್ತರಾದ ನಮಗೆ ಇಲ್ಲಿ ಹೆಮ್ಮೆಪಡುವ ಕಾರಣವಿಲ್ಲ. ಮೈಸೂರು ಸಂಸ್ಥಾನದಲ್ಲಿ ಎಂಟು ವರುಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆಯುವ ಕಾಯಿದೆಯು 1894ರಲ್ಲಿ ಬಂದಾಗ ನಮ್ಮವರು ಅದನ್ನು ಅನ್ಯಮತದವರ ಸಂಗತಿಯೆಂದು ನೆನಸಿರಬಹುದು. ಆದರೆ ದೇಶೀಯ ಕ್ರೈಸ್ತರ ಮದುವೆಗಳಿಗಾಗಿ 1872ರಲ್ಲಿ ಮಾಡಿದ ಕಾಯಿದೆಯು ಹೆಣ್ಣಿಗೆ ಹದಿಮೂರು ವರುಷ ಮೀರಿದರೆ ಸಾಕೆಂದಿತ್ತು. ಆ ಬೇಸಿಗೆಯಲ್ಲಿ ಈ ಹುಡುಗಿಗಿದ್ದ ವಯಸ್ಸು ಅದೇ. ಹದಿನೆಂಟಾಗಬೇಕೆಂಬ ನಿಯಮವು 1978ರಲ್ಲಿ ಬಂತು. ಬಾಲ್ಯವಿವಾಹವನ್ನು ನಿಷೇಧಿಸುವ 2006ರ ಕಾಯಿದೆಯನ್ನು ನಮ್ಮ ರಾಜ್ಯದವರು 2016ರಲ್ಲಿ ತಿದ್ದಿ, ಅಂಥ ಮದುವೆಯು ಮೊದಲಿನಿಂದಲೇ ಮದುವೆಯಲ್ಲವೆಂದು ಮಾಡಿದರು. ಆದಾಗ್ಯೂ 2019ರಿಂದ 2021ರ ವರೆಗೆ ನಡೆದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಇಪ್ಪತ್ತರಿಂದ ಇಪ್ಪತ್ತನಾಲ್ಕು ವರುಷದ ಹೆಂಗಸರೊಳಗೆ ನೂರಕ್ಕೆ 21 ಮಂದಿಗಿಂತ ಹೆಚ್ಚಾಗಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ಕಾನೂನು ಬಾಗಿಲಲ್ಲಿ ನಿಂತಿದೆ, ಚಂದ್ರಿಕೆಯು ಮನೆಯೊಳಗಿದೆ.

ಹೆಣ್ಣು ಎಷ್ಟಾದರೂ ಪರರ ಮನೆಯ ಸೊತ್ತು, ಅವಳ ಬೆಳವಣಿಗೆಯನ್ನು ಎಣಿಸಿ ಏನು ಫಲ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಕೇಳುತ್ತೇವೆ. ಇದಕ್ಕೆ ಉತ್ತರವನ್ನು ಹುಡುಕುವಾಗ ನಮಗೆ ಹನ್ನಳು ನೆನಪಿಗೆ ಬಂದಳು. ಬಹುಕಾಲ ಬೇಡಿಕೊಂಡು ಹೆತ್ತ ಮಗನನ್ನು ಹಾಲುಬಿಡಿಸಿದ ಮೇಲೆ ಆಕೆಯು ಶೀಲೋವಿನ ಆಲಯಕ್ಕೆ ಒಪ್ಪಿಸಿಬಿಟ್ಟಳು. ಆ ಮಗನೂ ಪರರ ಮನೆಯವನಾದನು; ಅವನ ದುಡಿಮೆಯಿಂದ ಹನ್ನಳಿಗೆ ಬರುವದೇನೂ ಇರಲಿಲ್ಲ. ಆದರೆ ಆಕೆಯು ವರುಷವರುಷಕ್ಕೂ ಒಂದು ಚಿಕ್ಕ ನಿಲುವಂಗಿಯನ್ನು ಹೊಲಿದು ಒಯ್ಯುತ್ತಿದ್ದಳೆಂದು ಸಮುವೇಲನ ಮೊದಲನೆಯ ಪುಸ್ತಕದಲ್ಲಿ ಬರೆದದೆ. ಹೊಲಿಗೆ ಬಲ್ಲ ತಾಯಂದಿರು ಇದನ್ನು ಯೋಚಿಸಿರಿ. ಮಗುವು ಎದುರಿಗಿಲ್ಲ, ಅಳತೆಗೆ ಸಿಕ್ಕುವದಿಲ್ಲ. ಕಳೆದ ವರುಷ ಇಷ್ಟಿದ್ದನು, ಈ ವರುಷಕ್ಕೆ ಭುಜವು ಇಷ್ಟು, ತೋಳು ಇಷ್ಟು ಎಂದು ಆಕೆಯು ರಾಮದಲ್ಲಿ ಕೂತು ಮನಸ್ಸಿನಲ್ಲಿಯೇ ಬೆಳೆಸಿ ಬೆಳೆಸಿ ಕತ್ತರಿಸಬೇಕು. ಕೊಟ್ಟುಬಿಟ್ಟ ಮೇಲೆಯೂ ಎಣಿಕೆಯು ನಿಲ್ಲಲಿಲ್ಲ. ತನ್ನದಲ್ಲವೆಂದು ಒಪ್ಪಿಕೊಂಡೇ ಗೇಣುಗೇಣಾಗಿ ಎಣಿಸಿದಳು. ಆ ನಿಲುವಂಗಿಯು ಪ್ರತಿ ವರುಷವೂ ಹೋದ ವರುಷದ್ದಕ್ಕಿಂತ ದೊಡ್ಡದಾಗಿರಬೇಕೆಂದು ಎದುರುನೋಡಿದಳು. ಮಗಳು ಇನ್ನೊಂದು ಮನೆಗೆ ಹೋಗುವಳೆಂಬದು ಎಣಿಸದಿರುವದಕ್ಕೆ ಕಾರಣವಾದರೆ ಹನ್ನಳು ಸೂಜಿಯನ್ನೇ ಹಿಡಿಯಬೇಕಾಗಿರಲಿಲ್ಲ.

ಇದನ್ನು ನಾವು ಆ ಮನೆಯಲ್ಲಿ ಒಂದು ಸಾಯಂಕಾಲ ಓದಿ ಸಂಕ್ಷೇಪವಾಗಿ ಹೇಳಿದೆವು. ಸೋದರತ್ತೆಯು ಹೊರಟುಹೋಗಿದ್ದಳು; ಸೀರೆ ಪೆಟ್ಟಿಗೆಯಲ್ಲಿತ್ತು. ಗಂಡನು ಕೇಳಿ ತಲೆಯಾಡಿಸಿದನು. ತಾಯಿಯು ಏನೂ ಹೇಳಲಿಲ್ಲ. ಹಿರಿಯವಳು ಒಳಗೆ ಮುದ್ದೆಗೆ ಎಸರಿಟ್ಟಿದ್ದಳು.

ಗೂಡು ಮಾರಿದ ಮೂರನೆಯ ದಿನ ನಾವು ಚಿಂತಾಮಣಿಯ ಪೇಟೆಯಲ್ಲಿ ದರ್ಜಿಯ ಅಂಗಡಿಯ ಮುಂದೆ ಆಕೆಯನ್ನು ಕಂಡೆವು. ಮೂವರು ಮಕ್ಕಳಿಗೂ ಭಾನುವಾರಕ್ಕೆಂದು ಒಂದೇ ಥಾನಿನಲ್ಲಿ ಲಂಗಕ್ಕೆ ಬಟ್ಟೆ ಕೊಂಡಿದ್ದಳು. ಬೆಳೆಯುವ ಮಕ್ಕಳ ಲಂಗಕ್ಕೆ ಅಂಚಿನ ಮೇಲೆ ಒಳಮಡಿಕೆ ಹಾಕಿ ಹೊಲಿಸುವದು ನಮ್ಮ ಕಡೆಯ ರೂಢಿ. ವರುಷಕ್ಕೊಂದು ಮಡಿಕೆ ಬಿಚ್ಚಿದರೆ ಲಂಗವು ಮಗುವಿನ ಸಂಗಡ ಬೆಳೆಯುತ್ತದೆ. ಕಿರಿಯವಳದಕ್ಕೆ ಮೂರು ಮಡಿಕೆ, ನಡುವಿನವಳದಕ್ಕೆ ಮೂರು ಎಂದು ದರ್ಜಿಯು ಗುರುತು ಹಾಕಿಕೊಂಡನು. ಹಿರಿಯವಳ ಅಳತೆಯನ್ನು ತೆಗೆದುಕೊಂಡು, “ಇದಕ್ಕೆ ಮಡಿಕೆ ಬೇಡ ಅಲ್ಲವಾ ಅಕ್ಕಾ? ಹುಡುಗಿ ದೊಡ್ಡವಳಾದಳಂತೆ. ಇನ್ನೇನು, ವರುಷದಲ್ಲಿ ಸೀರೆ ಉಡುವವಳು. ಬಟ್ಟೆ ದಂಡ” ಅಂದನು.

ಆಕೆಯು ಹಿರಿಯವಳ ಮುಖವನ್ನು ಒಂದು ಕ್ಷಣ ನೋಡಿದಳು.

“ಅದಕ್ಕೂ ಮೂರೇ ಹಾಕಪ್ಪಾ” ಅಂದಳು.